ಮೊಣಕಾಲು ನೀರಲ್ಲಿ ಟನಲ್ ದೋಣಿ ಏಳ್ತಿಲ್ಲ: ಟನಲ್ ದೊಡ್ಡದು ಮಾಡಿಸಲಾ, ಇಂಜಿನ್ ಎತ್ತಲಾ?

ಅಳಿವೆಯಂಚು:

ಅಘನಾಶಿನಿ ಅಳಿವೆಯಲ್ಲಿ, ತದಡಿ–ಮಾಸೂರು ನಡುವೆ ಹಕ್ಕಿ ನೋಡುವವರನ್ನು ಕರೆದೊಯ್ಯುವ ದೋಣಿಯ ಬಗ್ಗೆ ಪ್ರಶ್ನೆ. ಭರತದಲ್ಲಿ ತಕರಾರಿಲ್ಲ. ಇಳಿತ ಮುಕ್ಕಾಲು ಆದಮೇಲೆ ಮರಳು ದಿಣ್ಣೆಗಳ ನಡುವೆ ಉಳಿಯುವುದು 40–60 ಸೆಂ.ಮೀ. ನೀರು. ಓಡುತ್ತಿರುವಾಗ ದಾಟಿಬಿಡುತ್ತದೆ. ಆದರೆ ಅಲ್ಲಿ ಒಮ್ಮೆ ನಿಂತರೆ ಮತ್ತೆ ಪ್ಲೇನ್‌ಗೆ (ವೇಗದಲ್ಲಿ ನೀರಿನ ಮೇಲ್ಮೈ ಮೇಲೆ ಜಾರುವ ಸ್ಥಿತಿಗೆ) ಏಳುವುದೇ ಇಲ್ಲ, ಜಲ್ಲೆ ಊರಿ ಆಳ ಇರುವಲ್ಲಿಗೆ ತಳ್ಳಬೇಕು.

ದೋಣಿ ಎಫ್‌ಆರ್‌ಪಿ (ಫೈಬರ್ ಗ್ಲಾಸ್), 5.2 ಮೀಟರ್ (17 ಅಡಿ), ತಳದ ಅಗಲ 1.4 ಮೀಟರ್, ಹಿಂಭಾಗದಲ್ಲಿ ತಳ ಹೆಚ್ಚುಕಡಿಮೆ ಚಪ್ಪಟೆ. ಅಚ್ಚಿನಲ್ಲೇ ಬಂದ ಟನಲ್ (ಪ್ರೊಪೆಲರ್‌ಗೆ ನೀರು ಮೇಲಕ್ಕೆ ಬರಲೆಂದು ತಳದ ಹಿಂತುದಿಯಲ್ಲಿರುವ ತೋಡು) ಇದೆ: ಉದ್ದ 90 ಸೆಂ.ಮೀ., ಅಗಲ 30, ಟ್ರಾನ್ಸಮ್ (ಇಂಜಿನ್ ಕೂರುವ ಹಿಂಗೋಡೆ) ಹತ್ತಿರ ಆಳ 10. ಇಂಜಿನ್ 40 ಎಚ್‌ಪಿ ನಾಲ್ಕು ಸ್ಟ್ರೋಕ್, ಲಾಂಗ್ ಶಾಫ್ಟ್, 98 ಕೆ.ಜಿ. ಪ್ರೊಪೆಲರ್ ಮೂರು ಎಲೆಯ ಅಲ್ಯೂಮಿನಿಯಂ, ಪಿಚ್ (ಒಂದು ಸುತ್ತಿಗೆ ಮುಂದೆ ಹೋಗಬೇಕಾದ ದೂರ) 12 ಇಂಚು. ಪ್ರೊಪೆಲರ್ ಮೇಲಿನ ಅಡ್ಡ ಪ್ಲೇಟು ಈಗ ಟನಲ್ ಚಾವಣಿಗಿಂತ ಎರಡೂವರೆ ಸೆಂ.ಮೀ. ಕೆಳಗಿದೆ.

ನಾಲ್ಕು ಜನ ಕೂತಾಗ ಹಿಂಭಾಗ 22 ಸೆಂ.ಮೀ. ಮುಳುಗುತ್ತದೆ (ಇಂಜಿನ್ ಮೇಲೆತ್ತಿದಾಗ). ಪ್ಲೇನ್‌ನಲ್ಲಿ ಓಡಲು 32 ಸೆಂ.ಮೀ. ಸಾಕು. ನಿಂತಲ್ಲಿಂದ ಏಳಲು 70 ಸೆಂ.ಮೀ. ಬೇಕು. ಇಂಜಿನ್ ಒಂದು ಬೋಲ್ಟು ತೂತು ಮೇಲೆ ಹಾಕಿ ನೋಡಿದ್ದಾಯಿತು: ನೇರ ಓಟದಲ್ಲಿ ಸರಿ, ತಿರುವಿನಲ್ಲಿ ಇಂಜಿನ್ ಕಿರುಚುತ್ತದೆ, ಕೂಲಿಂಗ್ ನೀರಿನ ಧಾರೆಯೂ ಸಣಕಲಾಗುತ್ತದೆ.

ದೋಣಿ ಕಟ್ಟುವವರೊಬ್ಬರು ಟನಲ್ ಕೊರೆದು 15 ಸೆಂ.ಮೀ. ಆಳ, ಒಂದೂವರೆ ಮೀಟರ್ ಉದ್ದ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ಮಾಡಿಸಬಹುದಾ? ಅಥವಾ ಜಾಕ್ ಪ್ಲೇಟ್ (ಇಂಜಿನ್ ಎತ್ತಿ ಕೂರಿಸುವ ಚೌಕಟ್ಟು) ಹಾಕಿದರೆ ಸಾಕಾ?

ಅಡಿಮಟ್ಟ:

ತಳಕ್ಕೆ ಗರಗಸ ಹಾಕುವ ಮಾತು ಆಮೇಲೆ. ನೀವು ಬರೆದ ಮೂರು ಅಂಕಿಗಳಲ್ಲೇ ಉತ್ತರದ ಅರ್ಧ ಇದೆ. ನಿಂತಾಗ 22, ಓಡುವಾಗ 32, ಏಳಲು 70. ಟನಲ್ ದೊಡ್ಡದು ಮಾಡಿದರೆ ಸುಧಾರಿಸುವುದು ನಡುವಿನ ಅಂಕಿ ಮಾತ್ರ, ಅದು ಈಗಲೇ ಪರವಾಗಿಲ್ಲ. ಕೊನೆಯ ಅಂಕಿಗೆ ಕಾರಣ ಹಿಂಭಾಗದ ಭಾರ, ಪ್ರೊಪೆಲರ್‌ನ ಹಿಡಿತ ಮತ್ತು ಟನಲ್‌ಗೆ ಬರುವ ನೀರಿನ ಗುಣ. ಟನಲ್‌ನ ಆಳವನ್ನು ದೂರುವುದು ಕೊನೆಗೆ.

ಏಳುವಾಗ ಆಗುವುದೇನು: ಥ್ರಾಟಲ್ ಕೊಟ್ಟ ಕೂಡಲೇ ಮೂತಿ ಮೇಲೆದ್ದು ಹಿಂಭಾಗ ಕುಕ್ಕರಿಸುತ್ತದೆ. 22 ಇದ್ದದ್ದು 30 ದಾಟುತ್ತದೆ, ಅದರ ಕೆಳಗೆ ಗೇರ್‌ಕೇಸ್‌ನ ಕೆಳತುದಿಯ ರೆಕ್ಕೆ ಇನ್ನೂ 23–25 ಸೆಂ.ಮೀ. ಇಳಿದಿರುತ್ತದೆ. ಜೊತೆಗೆ ಪ್ರೊಪೆಲರ್ ತಳದ ನೀರನ್ನು ಎಳೆದುಕೊಳ್ಳುವುದರಿಂದ ದೋಣಿ ಇನ್ನಷ್ಟು ಕೆಳಗೆ ಹೀರಲ್ಪಡುತ್ತದೆ. ಕೂಡಿಸಿ ನೋಡಿ, 70 ಯಾಕೆ ಬಂತು ಅಂತ ಗೊತ್ತಾಗುತ್ತದೆ.

ಇಂಜಿನ್ ಕಿರುಚುವುದಕ್ಕೆ ಎಲ್ಲರೂ ಕ್ಯಾವಿಟೇಶನ್ ಅನ್ನುತ್ತಾರೆ. ಕ್ಯಾವಿಟೇಶನ್ ಅಂದರೆ ಎಲೆಯ ಮೇಲೆ ಒತ್ತಡ ಕುಸಿದು ನೀರೇ ಆವಿಗುಳ್ಳೆ ಆಗುವುದು. ನಿಮ್ಮದು ವೆಂಟಿಲೇಶನ್: ಮೇಲಿನ ಗಾಳಿ ಎಲೆಗೆ ಸಿಗುತ್ತಿದೆ. ಔಷಧ ಬೇರೆ ಬೇರೆ, ಹಾಗಾಗಿ ಹೆಸರು ಸರಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟು ತಿಳಿಸಿ: ತಳದ ನಡುವೆ ಕೀಲ್ ಪಟ್ಟಿ ಇದೆಯಾ, ಇದ್ದರೆ ಎಲ್ಲಿ ಮುಗಿಯುತ್ತದೆ? ಟ್ಯಾಂಕ್, ಬ್ಯಾಟರಿ, ಐಸ್ ಪೆಟ್ಟಿಗೆ ಎಲ್ಲೆಲ್ಲಿವೆ, ತೂಕ ಎಷ್ಟು? ನಾಲ್ಕು ಜನ ಇದ್ದಾಗ ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ ಎಷ್ಟು, ಜಿಪಿಎಸ್ ವೇಗ ಎಷ್ಟು, ಗೇರ್ ಅನುಪಾತ ಎಷ್ಟು?

ಅಳಿವೆಯಂಚು:

ಕೀಲ್ ಪಟ್ಟಿ ಇದೆ. 3 ಸೆಂ.ಮೀ. ಎತ್ತರ, ಟನಲ್ ಬಾಯಿ ಶುರುವಾಗುವ ಜಾಗದವರೆಗೂ ಬಂದು ಮೊಂಡಾಗಿ ನಿಲ್ಲುತ್ತದೆ. ದೋಣಿಯ ಖಾಲಿ ತೂಕ 320 ಕೆ.ಜಿ. ತುಂಬಿದ ಟ್ಯಾಂಕ್ 22, ಬ್ಯಾಟರಿ 20, ಐಸ್ ಪೆಟ್ಟಿಗೆ 30, ಮೂರೂ ಹಿಂದಿನ ಸೀಟಿನ ಕೆಳಗೆ, ಟ್ರಾನ್ಸಮ್‌ನಿಂದ ಅರ್ಧ ಮೀಟರ್‌ನಲ್ಲಿ. ಲಂಗರು–ಹಗ್ಗ 12 ಕೆ.ಜಿ., ಮುಂದೆ. ನಾಲ್ಕು ಜನರಿದ್ದಾಗ 5400 ಆರ್‌ಪಿಎಂ, ಗಂಟೆಗೆ 38 ಕಿ.ಮೀ. ಒಬ್ಬರೇ ಇದ್ದರೆ 5900. ಕೈಪಿಡಿಯಲ್ಲಿ 5000–6000 ಅಂತಿದೆ. ಗೇರ್ 2.00.

ಅಡಿಮಟ್ಟ:

ಕಳ್ಳ ಸಿಕ್ಕಿಬಿದ್ದ. ಒಬ್ಬ ಅಲ್ಲ, ಇಬ್ಬರು.

ಮೊದಲನೆಯವ ಆ ಕೀಲ್ ಪಟ್ಟಿ. 3 ಸೆಂ.ಮೀ. ಎತ್ತರದ ಮೊಂಡು ತುದಿಯ ಹಿಂದೆ ನೀರು ಸುಳಿಯಾಗಿ ಒಡೆಯುತ್ತದೆ, ಮೂತಿಯ ಕಡೆಯಿಂದ ಪಟ್ಟಿಗುಂಟ ಹರಿದುಬಂದ ಗಾಳಿಗುಳ್ಳೆಗಳೂ ಅದೇ ಸುಳಿಗೆ ಸೇರುತ್ತವೆ. ಅವೆಲ್ಲ ನೇರ ಟನಲ್‌ನೊಳಗೆ. ಪ್ರೊಪೆಲರ್‌ಗೆ ಸಿಗುತ್ತಿರುವುದು ಗಟ್ಟಿ ನೀರಲ್ಲ, ನೊರೆ. ಪಟ್ಟಿಯನ್ನು ಟನಲ್ ಬಾಯಿಗಿಂತ ಕನಿಷ್ಠ 75 ಸೆಂ.ಮೀ. ಮುಂದೆಯೇ ನಿಲ್ಲಿಸಿ, ಕೊನೆಯ 30 ಸೆಂ.ಮೀ. ಇಳಿಜಾರಾಗಿ ತಳಕ್ಕೆ ಸೇರಿಸಿಬಿಡಿ.

ಸ್ಲಿಪ್ (ಪ್ರೊಪೆಲರ್ ನೀರಲ್ಲಿ ಜಾರಿ ಕಳೆಯುವ ಓಟ) ಲೆಕ್ಕವೂ ಇದನ್ನೇ ಹೇಳುತ್ತದೆ. 5400ನ್ನು 2ರಿಂದ ಭಾಗಿಸಿದರೆ ಪ್ರೊಪೆಲರ್ 2700 ಸುತ್ತು. ಪಿಚ್ 12 ಇಂಚು ಅಂದರೆ ಸುತ್ತಿಗೆ 0.305 ಮೀಟರ್. ನಿಮಿಷಕ್ಕೆ 823 ಮೀಟರ್, ಗಂಟೆಗೆ 49 ಕಿ.ಮೀ. ಬರಬೇಕಿತ್ತು, ಬರುತ್ತಿರುವುದು 38. ಸ್ಲಿಪ್ ಶೇ. 23. ಟನಲ್ ದೋಣಿಗೆ ಸ್ಲಿಪ್ ಸ್ವಲ್ಪ ಜಾಸ್ತಿಯೇ ಇರುತ್ತದೆ, ಆದರೆ ಇಂಜಿನ್ ಇಷ್ಟು ಕೆಳಗೆ ಕೂತಿರುವಾಗ ಇಷ್ಟು ಬೇಡ.

ಎರಡನೆಯವ ತೂಕ ಕೂತ ಜಾಗ. ಅಂದಾಜು ಲೆಕ್ಕ ಹೀಗೆ: ಒಟ್ಟು ಸುಮಾರು 780 ಕೆ.ಜಿ. ನೀರು ಮುಟ್ಟುವ ತಳದ ವಿಸ್ತೀರ್ಣ 5.2 × 1.4 × 0.85, ಅಂದರೆ 6.2 ಚದರ ಮೀಟರ್. ಉಪ್ಪುನೀರಲ್ಲಿ ದೋಣಿ ಒಂದು ಸೆಂ.ಮೀ. ಮುಳುಗಲು 63 ಕೆ.ಜಿ. ಬೇಕು. ಅಂದರೆ ಐಸ್ ಪೆಟ್ಟಿಗೆ ಮನೆಯಲ್ಲಿ ಬಿಟ್ಟರೂ ಇಡೀ ದೋಣಿ ಏಳುವುದು ಅರ್ಧ ಸೆಂ.ಮೀ. ಅಷ್ಟೇ. ಆದರೆ ಅದೇ ತೂಕವನ್ನು ಹಿಂದಿನಿಂದ ಮುಂದಕ್ಕೆ ಸರಿಸಿದರೆ ಕಥೆ ಬೇರೆ. ಈ ಅಳತೆಯ ದೋಣಿಯಲ್ಲಿ ಮುಂದು–ಹಿಂದಿನ ಮಟ್ಟ ಒಂದು ಸೆಂ.ಮೀ. ಬದಲಾಗಲು ಸುಮಾರು 21 ಕೆ.ಜಿ.–ಮೀಟರ್ ಸಾಕು. ಟ್ಯಾಂಕ್, ಬ್ಯಾಟರಿ, ಪೆಟ್ಟಿಗೆ ಸೇರಿ 72 ಕೆ.ಜಿ., ಎರಡೂವರೆ ಮೀಟರ್ ಮುಂದೆ ಸರಿದರೆ 180. ಮಟ್ಟದಲ್ಲಿ ಎಂಟೂವರೆ ಸೆಂ.ಮೀ. ವ್ಯತ್ಯಾಸ. ಅದರ ಅರ್ಧ, ಅಂದರೆ 4 ಸೆಂ.ಮೀ., ಹಿಂಭಾಗ ಮೇಲೇಳುತ್ತದೆ. ಖರ್ಚು ಒಂದಿಷ್ಟು ಕೇಬಲ್ಲು, ಒಂದು ಪೆಟ್ರೋಲ್ ಪೈಪು.

ಈಗ ಟನಲ್ ದೊಡ್ಡದು ಮಾಡುವ ಲೆಕ್ಕ ನೋಡಿ. ಬಾಯಿಯಲ್ಲಿ ಟನಲ್‌ನ ಆಳ ಸೊನ್ನೆ, ಹಾಗಾಗಿ ಉದ್ದ × ಅಗಲ × ಆಳದ ಅರ್ಧ: ಈಗಿನ ಟನಲ್‌ನ ಗಾತ್ರ ಸುಮಾರು 13 ಲೀಟರ್. 150 × 36 × 15 ಮಾಡಿದರೆ 40 ಲೀಟರ್. ಟ್ರಾನ್ಸಮ್ ಹತ್ತಿರ ಇನ್ನೂ 27 ಕೆ.ಜಿ. ತೇಲುವ ಶಕ್ತಿ ಹೋಯಿತು, ಹಿಂಭಾಗ ಮತ್ತೆ ಒಂದೂವರೆ ಸೆಂ.ಮೀ. ಇಳಿಯಿತು. ಓಡುವಾಗ 5 ಸೆಂ.ಮೀ. ಲಾಭ, ಏಳುವಾಗ ನಷ್ಟ. ನಿಮ್ಮ ತೊಂದರೆ ಇರುವುದೇ ಏಳುವಾಗ.

ಬ್ಯಾಟರಿ ಮುಂದೆ ಹೋದರೆ ಕೇಬಲ್ ದಪ್ಪ ಹೆಚ್ಚಿಸಲೇಬೇಕು. 3 ಮೀಟರ್ ದೂರ ಅಂದರೆ ಹೋಗಿ ಬಂದು 6 ಮೀಟರ್. 35 ಚದರ ಮಿ.ಮೀ.ನ ತವರ ಲೇಪಿಸಿದ ತಾಮ್ರದ ಕೇಬಲ್ ಹಾಕಿ, ಇಲ್ಲದಿದ್ದರೆ ಸ್ಟಾರ್ಟರ್ ಮುಕ್ಕರಿಯುತ್ತದೆ. ತೂಕವನ್ನು ತೀರಾ ಮೂತಿಗೂ ಒಯ್ಯಬೇಡಿ. ನಡುಭಾಗಕ್ಕಿಂತ ತುಸು ಮುಂದೆ ಸಾಕು. ಮೂತಿ ಭಾರವಾದರೆ ಓಟದಲ್ಲಿ ದೋಣಿ ಮೂತಿಯ ಮೇಲೇ ತಿರುಗತೊಡಗುತ್ತದೆ, ಅದು ಅಪಾಯ.

ಲಗೂನಿಂದ:

ಇಂಥ ದೋಣಿಗಳ ತವರು ಟೆಕ್ಸಸ್ ಕರಾವಳಿ, ಅದರಲ್ಲೂ ಲಗೂನಾ ಮಾದ್ರೆ ಎಂಬ ಹಿನ್ನೀರು. ಅಲ್ಲಿ ಸರಾಸರಿ ಆಳವೇ ಒಂದು ಮೀಟರ್ ಆಸುಪಾಸು. (ಟನಲ್ ಹಲ್ ಅಂತ ಹುಡುಕಿದರೆ ರೇಸಿನ ಎರಡು ತಳದ ದೋಣಿಗಳೂ ಬರುತ್ತವೆ. ಅವು ಬೇರೆ ಜಾತಿ, ಅಲ್ಲಿನ ಸಲಹೆ ಇಲ್ಲಿಗೆ ಹಾಕಬೇಡಿ.) ಅಡಿಮಟ್ಟ ಹೇಳಿದ ಎರಡು ಕೆಲಸ ಮುಗಿಸಿದ ಮೇಲಷ್ಟೇ ಇದನ್ನು ಓದಿ. ನೊರೆ ಬರುವ ಟನಲ್‌ಗೆ ಜಾಕ್ ಪ್ಲೇಟ್ ಹಾಕುವುದು ತೂತು ಬಿಂದಿಗೆಗೆ ಬಣ್ಣ ಬಳಿದ ಹಾಗೆ.

ಜಾಕ್ ಪ್ಲೇಟ್ ಎರಡು ಕೆಲಸ ಮಾಡುತ್ತದೆ, ಇಂಜಿನ್ ಎತ್ತುತ್ತದೆ ಮತ್ತು ಹಿಂದಕ್ಕೆ ಸರಿಸುತ್ತದೆ. ದೋಣಿ ದಾಟಿದ ಮೇಲೆ ನೀರು ಮತ್ತೆ ಮೇಲೇಳುತ್ತದಲ್ಲ, ಆ ಏರಿದ ನೀರಿನಲ್ಲಿ ಪ್ರೊಪೆಲರ್ ಇರಬೇಕು. ರೂಢಿಯ ಲೆಕ್ಕ: 8–10 ಇಂಚು ಹಿಂದಕ್ಕೆ ಹೋದರೆ ಒಂದು ಇಂಚು ಮೇಲೆತ್ತಬಹುದು. ನಿಮ್ಮಷ್ಟು ಸಣ್ಣ ದೋಣಿಗೆ 4–6 ಇಂಚಿಗಿಂತ ಹೆಚ್ಚು ಬೇಡ, ಏಕೆಂದರೆ 98 ಕೆ.ಜಿ. ಇಂಜಿನ್ 15 ಸೆಂ.ಮೀ. ಹಿಂದೆ ಹೋಗಿ, ಪ್ಲೇಟಿನ ತೂಕವೂ ಸೇರಿ, ಹಿಂಭಾಗ ಮತ್ತೆ ಒಂದು ಸೆಂ.ಮೀ.ಗೂ ಹೆಚ್ಚು ಕುಸಿಯುತ್ತದೆ. ಕೈಯಿಂದ ಹೊಂದಿಸುವ ಅಲ್ಯೂಮಿನಿಯಂ ಪ್ಲೇಟ್ ಸಾಕು. ಹೈಡ್ರಾಲಿಕ್‌ನಲ್ಲಿ ಏಳುವಾಗ ಇಂಜಿನ್ ಇಳಿಸಿ ಓಡುವಾಗ ಎತ್ತಬಹುದು ನಿಜ, ಆದರೆ ತೂಕ ಅದಕ್ಕಿಂತ ಜಾಸ್ತಿ.

ಎತ್ತರ ಹೊಂದಿಸುವ ಕ್ರಮ: ಪ್ರೊಪೆಲರ್ ಮೇಲಿನ ಅಡ್ಡ ಪ್ಲೇಟನ್ನು ಟನಲ್ ಚಾವಣಿಯ ಸಮಕ್ಕೆ ತಂದು ಶುರು ಮಾಡಿ. ಒಂದು ಸಲಕ್ಕೆ ಒಂದು ತೂತು, ಸಾಮಾನ್ಯವಾಗಿ 19 ಮಿ.ಮೀ. ಪ್ರತಿ ಸಲವೂ ಅದೇ ಜನ, ಅದೇ ಪೆಟ್ರೋಲ್, ಒಂದು ಮೀಟರ್‌ಗಿಂತ ಹೆಚ್ಚು ಆಳದ ನೀರು. ಆರ್‌ಪಿಎಂ, ವೇಗ, ನೀರಿನ ಒತ್ತಡ ಮೂರನ್ನೂ ಬರೆದಿಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಒಂದು ತೂತು ಕೆಳಗೆ ಬನ್ನಿ. ನಿಮ್ಮ ದೋಣಿಯಲ್ಲಿ ಪ್ಲೇಟು ಚಾವಣಿಗಿಂತ ಮೂರು–ನಾಲ್ಕು ಸೆಂ.ಮೀ. ಮೇಲೆ ಹೋಗಬಹುದು, ಐದು ಹೋದರೆ ಅದೃಷ್ಟ. ನೀರಿನ ಗುಣ ನೋಡಲು ಕೋಲಿಗೆ ವಾಟರ್‌ಪ್ರೂಫ್ ಕ್ಯಾಮೆರಾ ಕಟ್ಟಿ ಟ್ರಾನ್ಸಮ್ ಕಡೆ ಹಿಡಿಯಿರಿ. ಟನಲ್‌ನಿಂದ ಬರುವ ನೀರು ಗಾಜಿನ ಹಾಗಿದ್ದರೆ ಸರಿ, ಹಾಲಿನ ಹಾಗಿದ್ದರೆ ಇನ್ನೂ ಗಾಳಿ ಬರುತ್ತಿದೆ.

ಪ್ರೊಪೆಲರ್‌ನಲ್ಲೇ ನಿಮಗೆ ಹೆಚ್ಚು ಲಾಭ. ಮೂರು ಎಲೆಯ ಅಲ್ಯೂಮಿನಿಯಂ ತೆಗೆದು ನಾಲ್ಕು ಎಲೆಯ ಸ್ಟೀಲ್ ಹಾಕಿ. ಎಲೆಯ ಹಿಂದಿನ ಅಂಚು ತುದಿಯಲ್ಲಿ ಬಾಗಿರಬೇಕು, ಅದಕ್ಕೆ ಕಪ್ ಅನ್ನುತ್ತಾರೆ. ಗಾಳಿ ಸೇರಿದರೂ ಹಿಡಿತ ಬಿಡದಿರುವುದು ಆ ಬಾಗಿನಿಂದಲೇ. ನಾಲ್ಕನೇ ಎಲೆ ಮತ್ತು ಕಪ್ ಎರಡೂ ಆರ್‌ಪಿಎಂ ತಿನ್ನುತ್ತವೆ, ಆದ್ದರಿಂದ ಪಿಚ್ ಇಳಿಸಿ. ಒಂದು ಇಂಚು ಪಿಚ್‌ಗೆ 150–200 ಆರ್‌ಪಿಎಂ ವ್ಯತ್ಯಾಸ. 12ರಿಂದ 10ಕ್ಕೆ ಬಂದರೆ ಈಗಿನ ಆರ್‌ಪಿಎಂ ಆಸುಪಾಸು ಉಳಿಯುತ್ತದೆ. ತಿರುವಿನಲ್ಲಿ ಇನ್ನೂ ಕಿರುಚಿದರೆ ಗೇರ್‌ಕೇಸ್‌ನ ಪ್ಲೇಟಿನ ಮೇಲೆ ಕೂರಿಸುವ ಕಂಪ್ರೆಶನ್ ಪ್ಲೇಟ್ ನೋಡಿ. ಅದು ಪ್ರೊಪೆಲರ್‌ಗೆ ಮುಚ್ಚಳದ ಹಾಗೆ, ಮೇಲಿನ ಗಾಳಿ ತಡೆಯುತ್ತದೆ.

ಕೂಲಿಂಗ್ ಬಗ್ಗೆ ಉದಾಸೀನ ಬೇಡ. ನೀರು ಹೀರುವ ಜಾಲರಿಗಳು ಗೇರ್‌ಕೇಸ್‌ನ ಪಕ್ಕದಲ್ಲಿ, ಪ್ಲೇಟಿನ ಕೆಳಗೇ ಇವೆ. ಇಂಜಿನ್ ಎತ್ತಿದಾಗ ಮೇಲಿನ ತೂತುಗಳು ಗಾಳಿ ಹೀರುತ್ತವೆ. ಧಾರೆ ಬರುತ್ತಿದೆ ಅಂತ ಸಮಾಧಾನಪಡಬೇಡಿ: ಒಳಗೆ ನೀರು ಸಾಲದಿದ್ದರೂ ಧಾರೆ ಬರಬಹುದು, ಮರಳು ಕಟ್ಟಿಕೊಂಡರೆ ನೀರು ಸರಿಯಿದ್ದರೂ ಧಾರೆ ನಿಲ್ಲಬಹುದು. ಜಾಕ್ ಪ್ಲೇಟ್‌ಗಿಂತ ಮೊದಲು ವಾಟರ್ ಪ್ರೆಶರ್ ಗೇಜ್ ಹಾಕಿ. ಈಗಿನ ಎತ್ತರದಲ್ಲಿ ಎಷ್ಟು ತೋರಿಸುತ್ತದೋ ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಎತ್ತಿದ ಮೇಲೆ ಮುಳ್ಳು ಅದುರತೊಡಗಿದರೆ ಗಾಳಿ ಹೋಗುತ್ತಿದೆ ಅಂತ ಅರ್ಥ. ಮರಳು ನೀರಲ್ಲಿ ಪಂಪಿನ ರಬ್ಬರ್ ಇಂಪೆಲರ್ ವರ್ಷಕ್ಕೊಮ್ಮೆ ಬದಲಾಯಿಸಿ, ಅದರ ಸ್ಟೀಲ್ ಬಟ್ಟಲಿನಲ್ಲಿ ಗೀರು ಬಿದ್ದಿದ್ದರೆ ಅದನ್ನೂ.

ಟ್ರಿಮ್ ಟ್ಯಾಬ್ (ಟ್ರಾನ್ಸಮ್‌ಗೆ ಹಾಕುವ, ಕೆಳಕ್ಕೆ ಬಾಗುವ ಹಲಗೆ) ಹಾಕುವುದಾದರೆ ಟನಲ್‌ನ ಎರಡೂ ಬದಿ 23 × 30 ಸೆಂ.ಮೀ. ಅಳತೆಯವು ಸಾಕು, ಒಳ ಅಂಚು ಟನಲ್‌ನಿಂದ 10 ಸೆಂ.ಮೀ. ದೂರ ಇರಲಿ. ಏಳುವಾಗ ಪೂರ್ತಿ ಇಳಿಸಿದರೆ ಹಿಂಭಾಗ ಕುಕ್ಕರಿಸುವುದು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ನಿಮ್ಮ 70ನ್ನು ಇಳಿಸುವ ಸಾಮಾನು ಇದು.

ಮ್ಯಾಟು_ರೆಸಿನ್:

ಲೆಕ್ಕ ಎಲ್ಲ ಚೆಂದ ಉಂಟು ಮಾರಾಯ್ರೆ, ಆದ್ರೆ ಕೀಲ್ ಪಟ್ಟಿ ಕತ್ತರಿಸಿ ಅಂತ ಹೇಳಿ ಬಿಟ್ರೆ ಆಗ್ಲಿಲ್ಲ. ಆ ಪಟ್ಟಿಯೊಳಗೆ ಏನಿದೆ ನೋಡ್ಬೇಕು. ಕೆಲವು ಅಚ್ಚಿನಲ್ಲಿ ಪಟ್ಟಿ ಗಟ್ಟಿ ಎಫ್‌ಆರ್‌ಪಿ, ಕೆಲವರಲ್ಲಿ ಒಳಗೆ ಮರದ ರೀಪು. ಮರ ಇದ್ರೆ ಕತ್ತರಿಸಿದ ತುದಿಯಿಂದ ನೀರು ಕುಡಿದು ಮುಂದಿನ ಮಳೆಗಾಲಕ್ಕೆ ಪೂರ್ತಿ ಕೊಳೀತದೆ. ಮೊದ್ಲು ತುದಿಯಲ್ಲಿ 5 ಮಿ.ಮೀ. ತೂತು ಕೊರೆದು ನೋಡಿ, ಪುಡಿ ಬಿಳಿ ಬಂದ್ರೆ ಗ್ಲಾಸು, ಕಂದು ಬಂದ್ರೆ ಮರ. ಮರ ಆದ್ರೆ ಕತ್ತರಿಸಿದ ಜಾಗದಿಂದ 5 ಸೆಂ.ಮೀ. ಒಳಗೆ ಕೆತ್ತಿ ತೆಗೆದು ಎಪಾಕ್ಸಿ ಪುಟ್ಟಿ ತುಂಬಿ, ಮೇಲೆ ಮೂರು ಪದರ 450 ಗ್ರಾಂ ಗ್ಲಾಸ್ ಮ್ಯಾಟ್.

ಮತ್ತೊಂದು. ಆ ಪಟ್ಟಿ ಇದ್ದದ್ದೇ ದಿಣ್ಣೆ ಮೇಲೆ ಎಳೆಯುವಾಗ ತಳ ಸವೀಬಾರ್ದು ಅಂತ. ಅದು ಹೋದ್ರೆ ಟನಲ್ ಬಾಯಿಯೇ ಮರಳಿಗೆ, ಚಿಪ್ಪಿಗೆ ಉಜ್ಜುತ್ತದೆ. ಅದಕ್ಕೆ ಎರಡು ಬದಿ ಪಟ್ಟಿ ಕೊಡಿ, ಟನಲ್ ಅಂಚಿಂದ 12–15 ಸೆಂ.ಮೀ. ಹೊರಗೆ, ಒಂದೂವರೆ ಸೆಂ.ಮೀ. ಎತ್ತರ, ಟ್ರಾನ್ಸಮ್ ತನಕ. ಅವುಗಳ ಸುಳಿ ಟನಲ್ ಒಳಗೆ ಬರುವುದಿಲ್ಲ, ನೇರ ಓಟಕ್ಕೂ ಒಳ್ಳೇದು. ಇಂಜಿನ್ ಎತ್ತಿದ ಚಪ್ಪಟೆ ದೋಣಿ ತಿರುವಿನಲ್ಲಿ ಜಾರ್ತದೆ, ಅದನ್ನೂ ಸ್ವಲ್ಪ ಹಿಡೀತದೆ.

ಜಾಕ್ ಪ್ಲೇಟ್ ಹಾಕುವ ಮೊದ್ಲು ಟ್ರಾನ್ಸಮ್ ಕುಟ್ಟಿ ನೋಡಿ. ಸಣ್ಣ ಸುತ್ತಿಗೆಯಲ್ಲಿ ಕುಟ್ಟಿದ್ರೆ ಠಣ್ ಅನ್ಬೇಕು, ಮಂದ ಸದ್ದು ಬಂದ್ರೆ ಒಳಗಿನ ಪ್ಲೈ ಕೊಳೆತಿದೆ. ಇಂಜಿನ್ ಆರು ಇಂಚು ಹಿಂದೆ ಹೋದ್ರೆ ಹೊಡೆತದ ಬಲ ಹೆಚ್ಚು, ಅದ್ರಲ್ಲೂ ರೆಕ್ಕೆ ದಿಣ್ಣೆಗೆ ಬಡಿದಾಗ. ಪ್ಲೈ ಬದಲಾಯಿಸುವುದಾದ್ರೆ ಐಎಸ್ 710 ಮರೀನ್ ಪ್ಲೈ, ಎರಡು 19 ಮಿ.ಮೀ. ಹಾಳೆ ಅಂಟಿಸಿ. ಬೋಲ್ಟು ಎಸ್‌ಎಸ್ 316, ಎಂ12. ಒಳಬದಿಗೆ ವಾಷರ್ ಸಾಲ್ದು, 6 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಕೊಡಿ. ತೂತಿಗೆಲ್ಲ ಪಾಲಿಯುರೆಥೇನ್ ಸೀಲಂಟು. ಮನೆ ಬಾತ್‌ರೂಮಿನ ಸಿಲಿಕಾನ್ ಬೇಡವೇ ಬೇಡ.

ಇನ್ನು ಟನಲ್ ಕೊರೆಯುವ ವಿಷಯ. ಬೇಡ ಅನ್ನುವವರ ಜೊತೆ ನಾನೂ ಸೇರ್ತೇನೆ, ಆದ್ರೂ ಕೊನೆಗೆ ಮಾಡಿಸುವುದೇ ಆದ್ರೆ ಹೀಗೆ ಕೇಳಿ ಮಾಡಿಸಿ. ಚಾವಣಿಯ ಏರು ಹತ್ತಕ್ಕೆ ಒಂದಕ್ಕಿಂತ ಕಡಿದಾಗ್ಬಾರ್ದು. ಕಡಿದಾದ್ರೆ ನೀರು ಚಾವಣಿ ಬಿಟ್ಟು ಹೋಗಿ ಮಧ್ಯೆ ಗಾಳಿ ಕೂರ್ತದೆ. ಟ್ರಾನ್ಸಮ್ ಹತ್ತಿರದ ಕೊನೆಯ 20 ಸೆಂ.ಮೀ. ಮಟ್ಟಸ ಇರ್ಬೇಕು, ನೀರು ನೆಟ್ಟಗೆ ಹೋಗ್ಲಿಕ್ಕೆ. ಶುರುವಿನ ಅಂಚು ಕೈಯಾಡಿಸಿದ್ರೆ ಗೊತ್ತಾಗದ ಹಾಗೆ ನಯ ಇರ್ಬೇಕು.

ಸನ್ಮೈಕ ಹಾಕಿದ ಪ್ಲೈಯಲ್ಲಿ ಅಚ್ಚು ಮಾಡಿ ಟನಲನ್ನು ಬೇರೆಯೇ ಎರಕ ಹೊಯ್ದು ಆಮೇಲೆ ಕೂರಿಸುವುದು. ದೋಣಿ ಬೋರಲು ಹಾಕದೆ ಕೆಳಗಿಂದ ಮಲಗಿ ಮೆತ್ತುವವರನ್ನು ನಂಬ್ಬೇಡಿ, ಚಾವಣಿಯಲ್ಲಿ ಗಾಳಿಗುಳ್ಳೆ ಉಳೀತದೆ. ತಳ 8 ಮಿ.ಮೀ. ಇದ್ರೆ ಹೊಸ ತುಂಡಿಗೂ ಅಷ್ಟೇ: 450 ಮ್ಯಾಟ್ ಐದು, 600 ರೋವಿಂಗ್ (ನೇಯ್ದ ಗ್ಲಾಸ್ ಬಟ್ಟೆ) ಮೂರು, ಮಧ್ಯೆ ಮಧ್ಯೆ. ರೋವಿಂಗ್ ಮೇಲೆ ರೋವಿಂಗ್ ಹಾಕ್ಬಾರ್ದು, ಪದರ ಬಿಡ್ತದೆ. ಐಸೋಫ್ತಾಲಿಕ್ ರೆಸಿನ್ ತೆಗೊಳ್ಳಿ. ಜೋಡಣೆ, ಪಕ್ಕದ ದಿಮ್ಮಿ ಎಲ್ಲ ಸೇರಿ ಗ್ಲಾಸು 6 ಕೆ.ಜಿ., ರೆಸಿನ್ 13 ಕೆ.ಜಿ. ಸುತ್ತ ಆಗ್ತದೆ. ಹಳೇ ತಳದ ಅಂಚನ್ನು 36 ನಂಬರ್ ಡಿಸ್ಕಿನಲ್ಲಿ ದಪ್ಪದ 12 ಪಟ್ಟು ಇಳಿಜಾರು ತೆಗೀಬೇಕು, 8 ಮಿ.ಮೀ.ಗೆ ಹತ್ತು ಸೆಂ.ಮೀ. ಹೆಚ್ಚಿನವರು ಮೂರು ಸೆಂ.ಮೀ. ತೆಗೆದು ಬಿಡ್ತಾರೆ, ಎರಡನೇ ವರ್ಷ ಅಲ್ಲೇ ಬಿರುಕು.

ಮುಖ್ಯ ಇದು: ಟನಲ್ ಉದ್ದ ಮಾಡಿದ್ರೆ ತಳಕ್ಕೆ ಬಲ ಕೊಡುವ ನಡುವಿನ ಉದ್ದ ದಿಮ್ಮಿ ತುಂಡಾಗ್ತದೆ. ಟನಲ್‌ನ ಎರಡೂ ಬದಿ 50 × 75 ಮಿ.ಮೀ. ಫೋಮ್ ದಿಮ್ಮಿ ಇಟ್ಟು ಗ್ಲಾಸು ಹೊದಿಸಿ, ಟನಲ್ ಬಾಯಿಗಿಂತ 60 ಸೆಂ.ಮೀ. ಮುಂದೆ ಹೋಗಿ ಹಳೇ ದಿಮ್ಮಿ ಜೊತೆ ಒಟ್ಟಿಗೆ ಓಡ್ಬೇಕು. ಇಲ್ದಿದ್ರೆ ಅಲೆಯಲ್ಲಿ ತಳ ಬಾಗಿ ಬಾಗಿ ಟನಲ್ ಬಾಯಿಯಲ್ಲೇ ಸೀಳ್ತದೆ.

ಹಾರ್ಡನರ್ ಬಿಸಿಲುಕಾಲದಲ್ಲಿ ಕೆ.ಜಿ.ಗೆ 10–15 ಗ್ರಾಂ. ಕೋಬಾಲ್ಟನ್ನು (ರೆಸಿನ್ ಬೇಗ ಗಟ್ಟಿ ಮಾಡುವ ದ್ರಾವಣ) ಮೊದ್ಲೇ ರೆಸಿನ್‌ಗೆ ಸೇರಿಸಿ ಚೆನ್ನಾಗಿ ಕಲಕಿ, ಆಮೇಲೆ ಹಾರ್ಡನರ್. ಎರಡನ್ನೂ ನೇರ ಒಟ್ಟಿಗೆ ಹಾಕಿದ್ರೆ ಸ್ಫೋಟ ಆಗ್ತದೆ, ತಮಾಷೆ ಅಲ್ಲ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಹಾರ್ಡನರ್ ಹನಿ ಬಿದ್ರೆ ದೃಷ್ಟಿ ಹೋಗ್ತದೆ. ಜೂನ್‌ನಿಂದ ಸೆಪ್ಟೆಂಬರ್ ಈ ಕೆಲ್ಸಕ್ಕೆ ಕೈ ಹಾಕ್ಬೇಡಿ. ಹಳೇ ಗ್ಲಾಸಿನಲ್ಲಿ ತೇವ ಇದ್ರೆ ಹೊಸದು ಹಿಡಿಯುವುದಿಲ್ಲ.

ಅಳಿವೆಯಂಚು:

ಎಲ್ಲರಿಗೂ ಧನ್ಯವಾದ. ಪ್ರೊಪೆಲರ್ ಬಿಟ್ಟು ಜೆಟ್ ಘಟಕ ಕೂರಿಸಿದರೆ ಈ ತಲೆನೋವೇ ಇಲ್ಲವಲ್ಲ ಅಂತಲೂ ಒಬ್ಬರು ಹೇಳಿದರು. ಹೇಗೆ?

ಲಗೂನಿಂದ:

ಜೆಟ್‌ಗೆ ಹೋದರೆ ಶಕ್ತಿಯಲ್ಲಿ ಸುಮಾರು ಶೇ. 30 ಕಳೆದುಕೊಳ್ಳುತ್ತೀರಿ, 40 ಎಚ್‌ಪಿ ಇದ್ದದ್ದು 28ರ ಹಾಗೆ ಕೆಲಸ ಮಾಡುತ್ತದೆ. ನಾಲ್ಕು ಜನರನ್ನು ಹೊತ್ತು ಏಳುವುದು ಅನುಮಾನ. ಕಲ್ಲಿನ ಹೊಳೆಗೆ ಅದು ಸರಿ. ಮರಳು, ಎಲೆ, ಪ್ಲಾಸ್ಟಿಕ್ ಇರುವ ಅಳಿವೆಯಲ್ಲಿ ಅದರ ಜಾಲರಿ ಕಟ್ಟುತ್ತಲೇ ಇರುತ್ತದೆ, ಇಂಪೆಲರ್ ಮರಳಿಗೆ ಸವೆಯುತ್ತದೆ. ಮೇಲಾಗಿ ಜೆಟ್‌ಗೆ ಗಾಳಿ ಸೇರದ ನೀರು ಬೇಕು, ಪ್ರೊಪೆಲರ್‌ಗೆಂದು ಮಾಡಿದ ಟನಲ್ ಅದಕ್ಕೆ ಹೇಳಿಸಿದ್ದಲ್ಲ.

ಕಾಂಡ್ಲವನ:

ದೋಣಿ ಬದಲಾಯಿಸುವ ಮಾತು ಸಾಕಷ್ಟು ಆಯಿತು. ಓಡಿಸುವ ರೀತಿಯಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ತೆಳು ನೀರಲ್ಲಿ ಥ್ರಾಟಲನ್ನು ಮೆಲ್ಲಗೆ ಏರಿಸುವುದು. ಅಲೆ ಎಷ್ಟು ವೇಗವಾಗಿ ಹೋಗಬಲ್ಲದು ಎಂಬುದಕ್ಕೆ ನೀರಿನ ಆಳವೇ ಮಿತಿ. ಅರ್ಧ ಮೀಟರ್ ನೀರಲ್ಲಿ ಗಂಟೆಗೆ 8 ಕಿ.ಮೀ., ಒಂದು ಮೀಟರ್‌ನಲ್ಲಿ 11. ದೋಣಿ ಆ ವೇಗದ ಹತ್ತಿರ ಬಂದಾಗ ತನ್ನದೇ ಅಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಎಳೆಯುತ್ತದೆ. ಹಿಂಭಾಗ ಅತಿ ಹೆಚ್ಚು ಕುಸಿಯುವುದು ಅಲ್ಲೇ. ಅಂದರೆ ಅರ್ಧ ಮೀಟರ್ ನೀರಲ್ಲಿ 5ರ ಕೆಳಗೆ ತೆವಳಿ, ಇಲ್ಲ ಒಂದೇ ಉಸಿರಿಗೆ ದಾಟಿ. 7–9ರಲ್ಲಿ ಒದ್ದಾಡಿದರೆ ರೆಕ್ಕೆ ನೆಲ ಉಳುತ್ತದೆ.

ಏಳುವ ಮುಂಚೆ ಹಿಂದಿನ ಸೀಟಿನವರನ್ನು ಮುಂದೆ ಕೂರಿಸಿ. 70 ಕೆ.ಜಿ.ಯ ಒಬ್ಬರು ಒಂದೂವರೆ ಮೀಟರ್ ಮುಂದೆ ಬಂದರೆ ಅಡಿಮಟ್ಟರ ಲೆಕ್ಕದಲ್ಲೇ ಹಿಂಭಾಗ ಎರಡೂವರೆ ಸೆಂ.ಮೀ. ಏಳುತ್ತದೆ. ಇಂಜಿನ್ನಿನ ಟ್ರಿಮ್ (ವಾಲುವ ಕೋನ) ಪೂರ್ತಿ ಒಳಕ್ಕೆ. ಎದ್ದ ಮೇಲೆ ಸ್ವಲ್ಪ ಹೊರಕ್ಕೆ. ಎಲ್ಲಕ್ಕಿಂತ ಮೊದಲು, ನಿಲ್ಲುವಾಗಲೇ ಎಲ್ಲಿಂದ ಏಳುತ್ತೀರಿ ಅಂತ ನೋಡಿ ನಿಲ್ಲಿಸಿ. ಇಳಿತ ನಡೆಯುತ್ತಿದ್ದರೆ ಈಗಿನ 60 ಸೆಂ.ಮೀ. ಅರ್ಧ ಗಂಟೆಯಲ್ಲಿ 40 ಆಗಿರಬಹುದು. ಅಮಾವಾಸ್ಯೆ–ಹುಣ್ಣಿಮೆಯ ಸುತ್ತ ಇಳಿತ ಜೋರು. ರಿವರ್ಸ್ ನಂಬಬೇಡಿ, ಟನಲ್ ದೋಣಿಯಲ್ಲಿ ಹಿಂದಕ್ಕೆ ಹೋಗುವಾಗ ಪ್ರೊಪೆಲರ್‌ನ ನೀರು ಟನಲ್‌ಗೂ ಟ್ರಾನ್ಸಮ್‌ಗೂ ಬಡಿದು ಅರ್ಧ ಬಲ ಅಲ್ಲೇ ಸಾಯುತ್ತದೆ.

ತೆಳು ನೀರಲ್ಲಿ ಗೋಲಾಕಾರ ತಿರುಗಿಸಿ ಎಬ್ಬಿಸುವ ವಿಡಿಯೊಗಳು ಸಿಗುತ್ತವೆ, ಅದನ್ನು ಇಲ್ಲಿ ಮಾಡಬೇಡಿ. ಅದು ಏಳುವುದೇ ತಳದ ಮಣ್ಣನ್ನು ಗುಂಡಿ ತೋಡಿ. ಟೆಕ್ಸಸ್‌ನಲ್ಲಿ ಪ್ರೊಪೆಲರ್‌ನಿಂದ ಕಡಲ ಹುಲ್ಲು ಕೀಳುವುದನ್ನು 2006ರಲ್ಲಿ ರೆಡ್‌ಫಿಶ್ ಕೊಲ್ಲಿಯಲ್ಲಿ, 2013ರಿಂದ ಇಡೀ ಕರಾವಳಿಯಲ್ಲಿ ನಿಷೇಧಿಸಿದ್ದಾರೆ. ಅಘನಾಶಿನಿ 2024ರಿಂದ ರಾಮ್ಸರ್ ಪಟ್ಟಿಯಲ್ಲಿದೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ), ಮತ್ತು ಆ ದಿಣ್ಣೆಗಳೇ ಬಳಚು (ಚಿಪ್ಪುಮೀನು) ಆಯುವವರ ಹೊಲ. ನೀವು ಓಡಾಡುವ ಇಳಿತದ ಹೊತ್ತಿಗೇ ಅವರು ಎದೆಮಟ್ಟದ ನೀರಲ್ಲಿ ನಿಂತಿರುತ್ತಾರೆ. ಮೂತಿ ಎದ್ದಾಗ ಓಡಿಸುವವನಿಗೆ ಮುಂದಿನ ಐದಾರು ಮೀಟರ್ ಕಾಣುವುದೇ ಇಲ್ಲ. ಕಿಲ್ ಸ್ವಿಚ್ಚಿನ (ಓಡಿಸುವವ ಬಿದ್ದರೆ ಇಂಜಿನ್ ನಿಲ್ಲಿಸುವ ಗುಂಡಿ) ದಾರ ಕೈಗೆ ಕಟ್ಟಿಕೊಂಡಿರಬೇಕು, ಕೊಕ್ಕೆಯಲ್ಲಿ ನೇತಾಡಬಾರದು.

ಜನರನ್ನು ಒಯ್ಯುವ ದೋಣಿ ಅಂದಮೇಲೆ ನೋಂದಣಿ ಪತ್ರದಲ್ಲಿ ಇರುವ ವಿವರಕ್ಕೂ ದೋಣಿಗೂ ತಾಳೆಯಾಗಬೇಕು. ಪಟ್ಟಿ, ಪ್ರೊಪೆಲರ್ ಬೇರೆ ಮಾತು. ತಳ ಕೊರೆಯುವುದಾದರೆ ಮೊದಲೇ ಸರ್ವೇಯರ್‌ಗೆ ತೋರಿಸಿ.

ಅಳಿವೆಯಂಚು:

ಅಳತೆಗಳು. ಕೀಲ್ ಪಟ್ಟಿಯನ್ನು ಟನಲ್ ಬಾಯಿಗಿಂತ 80 ಸೆಂ.ಮೀ. ಮುಂದೆಯೇ ಮುಗಿಯುವಂತೆ ಕತ್ತರಿಸಿ ಇಳಿಜಾರು ಮಾಡಲಾಗಿದೆ (ಒಳಗೆ ಗ್ಲಾಸೇ ಇತ್ತು). ಟ್ಯಾಂಕ್, ಬ್ಯಾಟರಿ, ಪೆಟ್ಟಿಗೆ ಮುಂದೆ. ಇಂಜಿನ್, ಪ್ರೊಪೆಲರ್ ಹಳೆಯವೇ, ಎತ್ತರವೂ ಹಳೆಯದೇ. ನಾಲ್ಕು ಜನ.

ನಿಂತಾಗ ಹಿಂಭಾಗ 18.5 ಸೆಂ.ಮೀ. 5300 ಆರ್‌ಪಿಎಂ, 41 ಕಿ.ಮೀ. ಏಳಲು 55 ಸೆಂ.ಮೀ., ಇಬ್ಬರು ಮುಂದೆ ಕೂತರೆ 50. ಈಗ ಒಂದು ತೂತು ಎತ್ತಿದರೂ ತಿರುವಿನಲ್ಲಿ ಕಿರುಚುವುದಿಲ್ಲ.

ಟನಲ್ ಕೊರೆಸುವುದು ಕೈಬಿಟ್ಟಾಯಿತು. ಪ್ರೆಶರ್ ಗೇಜ್ ತರಿಸಿದೆ. ನಾಲ್ಕು ಎಲೆಯ ಪ್ರೊಪೆಲರ್ 10ರದ್ದಾ 11ರದ್ದಾ?

ಲಗೂನಿಂದ:

ಸ್ಲಿಪ್ ಶೇ. 15ಕ್ಕೆ ಇಳಿದಿದೆ ನೋಡಿ, ಪಟ್ಟಿಯೇ ತಿನ್ನುತ್ತಿತ್ತು. ಹಿಡಿತ ಹೆಚ್ಚಿದ್ದಕ್ಕೇ ಆರ್‌ಪಿಎಂ ನೂರು ಇಳಿದಿದೆ, ಹಾಗಾಗಿ 10. ಒಬ್ಬರೇ ಇದ್ದಾಗ 6000 ದಾಟುತ್ತದಾ ಅಂತ ಮೊದಲ ದಿನವೇ ನೋಡಿ. ದಾಟಿದರೆ 11ಕ್ಕೆ ಬದಲಾಯಿಸಿಕೊಳ್ಳುವ ಮಾತನ್ನು ಕೊಳ್ಳುವಾಗಲೇ ಅಂಗಡಿಯವರ ಹತ್ತಿರ ಆಡಿಕೊಂಡಿರಿ.